ತೊಟ್ಟಿಯ ಬಾಯಲ್ಲಿ ನಿಂತವನು

ಕೆಂಪು ಮಾಂಸದ ಸಾರು ಗೋಡೆಗೆ ಅಪ್ಪಳಿಸಿ ಸೋರತೊಡಗಿದಾಗ ಬೊಕ್‌ಹೀ ಇನ್ನೂ ಬಾಗಿಲಲ್ಲೇ ಇದ್ದಳು. ಒಂದು ಬೂಟು ಬಿಚ್ಚಿದ್ದಳು, ಇನ್ನೊಂದರ ಹಿಮ್ಮಡಿಗೆ ಬೆರಳು ತೂರಿಸಿದ್ದಳು. ಒಳಗೆ ಅವಳ ಮೈದುನ ಗಿಹೊ ಎರಡನೆಯ ಮೇಜಿಗೂ ಒದ್ದ. ಗಿಡ್ಡ ಮೇಜು ಮಗುಚಿತು. ಅನ್ನ, ಎಲೆಕೋಸಿನ ಕಿಮ್ಚಿ, ಅಕ್ಕಿ ಕಡುಬು ಎಲ್ಲ ನೆಲದ ಪಾಲಾಯಿತು.

"ತಿನ್ರೋ, ತಿನ್ನಿ! ಕೊಲೆಗಡುಕನ ಸಾವಿನೂಟ ರುಚಿಯಾಗಿದೆಯಾ?" ಎಂದು ಕಿರುಚಿದ.

ಬೆಳಗಿನ ಆರೂವರೆ. ಚಾಂಗ್ವನ್ ನಗರದ ಆಸ್ಪತ್ರೆಯೊಂದರ ನೆಲಮಾಳಿಗೆಯ ಆ ಶೋಕದ ಕೋಣೆಯಲ್ಲಿ ಮೂರು ದಿನದಿಂದ ಟಾಕ್ ಮನ್ಸಿಕ್‌ನ ಪಟ ಬಿಳಿ ಸೇವಂತಿಗೆಯ ನಡುವೆ ಕೂತಿತ್ತು. ಎಂಟಕ್ಕೆ ಶವಪೆಟ್ಟಿಗೆ ಹೊರಡಬೇಕು. ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ, ತೊಳೆಯುವ ವಿಭಾಗಕ್ಕೆ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದವನನ್ನು ಕಳಿಸಿಕೊಡಲು ಬಂದವರು ಹತ್ತೋ ಹನ್ನೆರಡೋ ಜನ. ಹೆಚ್ಚಿನವರು ಕೆಲಸ ಬಿಟ್ಟ ಮುದುಕರು. ಅವರೆಲ್ಲ ಬಟ್ಟಲು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಗೋಡೆಗೆ ಒತ್ತಿಕೊಂಡಿದ್ದರು.

ಪಟದ ಪಕ್ಕದಿಂದ ಮನ್ಸಿಕ್‌ನ ಒಬ್ಬಳೇ ಮಗಳು ಉನ್‌ಸಿಲ್ ಎದ್ದಳು. ಮಾಸಾನ್ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷದಿಂದ ಮೀನು ಕಡಿಯುತ್ತಿದ್ದ ಹೆಂಗಸು. ಬಾಡಿಗೆಗೆ ತಂದ ಕಪ್ಪು ಶೋಕದ ಉಡುಪು ಅವಳ ರಟ್ಟೆಗೆ ಸಾಲದೆ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು.

"ಯಾರಯ್ಯ ನೀನು? ಕುಡಿದಿದ್ರೆ ಹೊರಗೆ ಹೋಗಿ ಬಿದ್ಕೋ."

"ಪ್ಯೊನ್ ಗಿಹೊ ಕಣೇ. ನಿಮ್ಮಪ್ಪ ಕೊಂದ್ನಲ್ಲ ಪ್ಯೊನ್ ದಲ್ಸು, ಅವನ ತಮ್ಮ. ನೋಡಿಲ್ಲಿ!" ಅವನು ಕೋಟಿನ ತೋಳು ಸರಿಸಿ ಎಡಗೈ ಚಾಚಿದ. ಮೊಣಕೈಯ ಕೆಳಗೆ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಅಂಗೈ ಯಾವಾಗಲೂ ಯಾರಿಂದಲೋ ಏನನ್ನೋ ಇಸಿದುಕೊಳ್ಳುವಂತೆ ಮೇಲಕ್ಕೆ ತಿರುಗಿತ್ತು. "ಇದೂ ನಿಮ್ಮಪ್ಪನದೇ ಕೆಲಸ."

"ನಿನ್ನ ಕೈ ಒಂದೇನಾ? ನನ್ನ ಬೆನ್ನು ನೋಡ್ತೀಯಾ? ಊರಲ್ಲಿ ನಮ್ಮಪ್ಪನ ಕೈಲಿ ಏಟು ತಿನ್ನದೆ ಇರೋರು ಯಾರಿದಾರೆ, ಹೇಳು. ಅದಕ್ಕೇನೀಗ? ಸತ್ತು ಮಲಗಿದಾನೆ. ಹೋಗು."

ಗಿಹೊ ಹೋಗಲಿಲ್ಲ. ಬಾಗಿ ಊದುಬತ್ತಿಯ ಕಂಚಿನ ಬಟ್ಟಲನ್ನು ಎತ್ತಿಕೊಂಡು ಬೀಸಿದ. ಬೂದಿ ಕೋಣೆಯ ತುಂಬ ಹಾರಿತು. ಪಟದ ಗಾಜು ಒಡೆಯಿತು. ಬೂದಿ ಇಳಿಯುವ ಮೊದಲೇ ಉನ್‌ಸಿಲ್‌ಳ ಮುಷ್ಟಿ ಅವನ ಮೂಗಿಗೆ ಬಿತ್ತು. ಅವನು ಅವಳ ಜಡೆ ಹಿಡಿದ. ಇಬ್ಬರೂ ಸೇವಂತಿಗೆಯ ಮೇಲೆ ಉರುಳಿದರು. ಅವಳ ತಲೆಯ ಬಿಳಿ ರಿಬ್ಬನ್ನಿನ ಪಿನ್ನು ಅವನ ಕೈಗೆ ಚುಚ್ಚಿತು. ಅವನು ತಲೆಯಿಂದ ಗುದ್ದಿದ ಏಟಿಗೆ ಅವಳ ತುಟಿ ಸೀಳಿತು. ಮುದುಕರಲ್ಲಿ ಇಬ್ಬರು ಬಿಡಿಸಲು ಹೋಗಿ, ಒಬ್ಬ ಕನ್ನಡಕ ಕಳೆದುಕೊಂಡು ಹಿಂದೆ ಸರಿದ.

ಬೊಕ್‌ಹೀ ನೋಡುತ್ತ ನಿಂತಿದ್ದಳು. ಬಿಡಿಸಲು ಅವಳಿಗೆ ಕೈ ಬರಲಿಲ್ಲ. ಯಾರ ಕೈ ಹಿಡಿಯಬೇಕು, ಯಾರದನ್ನು ಬಿಡಬೇಕು ಎಂದೇ ತಿಳಿಯಲಿಲ್ಲ.

ಗಿಹೊ ಮೂಗಿನ ರಕ್ತ ಒರೆಸಿಕೊಳ್ಳುತ್ತ ತಲೆಯೆತ್ತಿದಾಗ ಅವಳು ಅವನ ಕಣ್ಣಿಗೆ ಬಿದ್ದಳು.

"ಅತ್ತಿಗೆ! ಸರಿಯಾದ ಹೊತ್ತಿಗೆ ಬಂದ್ರಿ. ಬನ್ನಿ, ನೀವೇ ಉಗೀರಿ ಇವನ ಮುಖಕ್ಕೆ. ಅದಕ್ಕೇ ತಾನೆ ಬಂದಿರೋದು?"

* * *

ಇಪ್ಪತ್ನಾಲ್ಕು ವರ್ಷದ ಹಿಂದೆ ಬೊಕ್‌ಹೀ ಆ ಕಾರ್ಖಾನೆಯ ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚುತ್ತಿದ್ದಳು. ಗಂಡ ದಲ್ಸು ತೊಳೆಯುವ ವಿಭಾಗದಲ್ಲಿದ್ದ. ಗಿಹೊ ಕೂಡ ಅಲ್ಲೇ. ಆಗ ಅವನಿಗೆ ಇಪ್ಪತ್ತೆರಡು. ಅಣ್ಣನ ಮನೆಯಲ್ಲೇ ಉಣ್ಣುತ್ತಿದ್ದ, ಅತ್ತಿಗೆಯ ಕೈಯಲ್ಲೇ ಬೈಸಿಕೊಳ್ಳುತ್ತಿದ್ದ.

ಗೇರಿನ ಚಕ್ರಗಳು ಕಡಿಯುವ ಯಂತ್ರದಿಂದ ಎಣ್ಣೆ, ಕಬ್ಬಿಣದ ಚೂರು ಮೆತ್ತಿಕೊಂಡು ಬರುತ್ತಿದ್ದವು. ಅವನ್ನು ತಂತಿಬುಟ್ಟಿಗೆ ಪೇರಿಸಿ, ಸರಪಳಿಯಿಂದ ಆಳದ ತೊಟ್ಟಿಗೆ ಇಳಿಬಿಡಬೇಕು. ತೊಟ್ಟಿಯ ತಳದಲ್ಲಿ ಕುದಿಯುತ್ತಿದ್ದುದಕ್ಕೆ ಎಲ್ಲರೂ ಮದ್ದು ಎನ್ನುತ್ತಿದ್ದರು. ಅದರ ಆವಿ ತಾಗಿದ್ದೇ ತಡ, ಎಣ್ಣೆ ಬಿಟ್ಟು, ಚಕ್ರ ಮುಖ ಕಾಣುವಷ್ಟು ಹೊಳೆಯುತ್ತ, ಒಣಗಿಯೇ ಮೇಲೆ ಬರುತ್ತಿತ್ತು. ಮನುಷ್ಯನ ಕೈಗೆ ತಾಗಿದರೆ ಕೈಯ ಜಿಡ್ಡೂ ಹೋಗಿ ಚರ್ಮ ಹಳೆಯ ಸುಣ್ಣದ ಗೋಡೆಯ ಹಾಗೆ ಬಿರಿಯುತ್ತಿತ್ತು. ಮೂಗಿಗೆ ಸಿಹಿ. ಮೊದಲು ಸುಮ್ಮಸುಮ್ಮನೆ ನಗು ಬರುತ್ತದೆ, ಆಮೇಲೆ ಕಾಲು ಸೋಲುತ್ತದೆ. ತೊಟ್ಟಿಯ ಮೇಲೆ ಯಾರಾದರೂ ಬಗ್ಗಿ ನಿಂತರೆ ಮೇಸ್ತ್ರಿ ಟಾಕ್ ಮಾತಾಡುತ್ತಿರಲಿಲ್ಲ. ಒದ್ದೆ ರಬ್ಬರ್ ಗವಸು ಕಳಚಿ ಕೆನ್ನೆಗೆ ಬಾರಿಸುತ್ತಿದ್ದ.

ಆ ದಿನ ಸರಪಳಿ ಹರಿದು ಒಂದು ಬುಟ್ಟಿ ಚಕ್ರ ತಳಕ್ಕೆ ಬಿತ್ತು. ಮದ್ದು ಬಸಿದು ತೊಟ್ಟಿ ಖಾಲಿ ಮಾಡಿದರು. ನಾಳೆಯವರೆಗೆ ಯಾರೂ ಇಳಿಯಬಾರದು ಎಂದು ಮೇಸ್ತ್ರಿ ಹೇಳಿ ಊಟಕ್ಕೆ ಹೋದ. ಅವನ ಬೆನ್ನು ಮರೆಯಾದ ಮೇಲೆ ವಿಭಾಗದ ಮುಖ್ಯಸ್ಥ ಬಂದು, ಖಾಲಿ ತೊಟ್ಟಿಗೆ ಏನು ಹೆದರಿಕೆ ಎಂದು ದಲ್ಸುವನ್ನು ಏಣಿ ಇಳಿಸಿ ತಾನೂ ಊಟಕ್ಕೆ ಹೋದ. ಮದ್ದು ಹೋಗಿತ್ತು, ಆವಿ ಹೋಗಿರಲಿಲ್ಲ. ಅದು ಗಾಳಿಗಿಂತ ಭಾರ. ತಳ ಹಿಡಿದು ಕೂತಿತ್ತು.

ಅಡುಗೆಮನೆಗೆ ಯಾರೋ ಓಡಿ ಬಂದು ಕೂಗಿದರು. ಬೊಕ್‌ಹೀ ಕೈಯಲ್ಲಿ ಮೂಲಂಗಿಯ ಚಾಕು ಹಿಡಿದೇ ಓಡಿದಳು. ಹೋಗಿ ನೋಡಿದರೆ, ತೊಟ್ಟಿಯ ಬಾಯಲ್ಲಿ, ಊಟ ಬಿಟ್ಟು ಓಡಿ ಬಂದಿದ್ದ ಮೇಸ್ತ್ರಿ ಟಾಕ್ ಬುಟ್ಟಿ ಎಳೆಯುವ ಕಬ್ಬಿಣದ ಕೊಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕಾಲಗಲಿಸಿ ನಿಂತಿದ್ದ. ಅವನ ಎದುರು ಮೂವರು. ಒಬ್ಬನ ಹಣೆ ಒಡೆದಿತ್ತು. ಇನ್ನೊಬ್ಬ ಕ್ವಾಕ್, ಮಂಡಿ ಹಿಡಿದುಕೊಂಡು ನೆಲದಲ್ಲಿ ಹೊರಳುತ್ತಿದ್ದ. ಮೂರನೆಯವನು ಗಿಹೊ.

"ಅಣ್ಣ ಇದಾನೆ ಕೆಳಗೆ! ಬಿಡೋ! ಬಿಡೋ ನಾಯಿ!" ಎನ್ನುತ್ತ ಗಿಹೊ ತಲೆ ತಗ್ಗಿಸಿ ನುಗ್ಗಿದ. ಮೇಸ್ತ್ರಿ ಕೊಕ್ಕೆ ಬೀಸಿದ. ಹಸಿ ಕಟ್ಟಿಗೆ ಮುರಿದಂಥ ಸದ್ದು ಬೊಕ್‌ಹೀ ಕಿವಿಗೆ ಬಿತ್ತು. ಗಿಹೊ ಮುರಿದ ಕೈ ಜೋತು ಬಿಟ್ಟುಕೊಂಡು ಮತ್ತೆ ನುಗ್ಗಿದ. ಈ ಸಲ ಅವನ ಎದೆಗೆ ಒದೆ ಬಿತ್ತು.

ಬೊಕ್‌ಹೀ ಚಾಕು ಎಲ್ಲಿ ಬಿಸಾಡಿದಳೋ ಅವಳಿಗೇ ನೆನಪಿಲ್ಲ. ಹಿಂದಿನಿಂದ ಹಾರಿ ಮೇಸ್ತ್ರಿಯ ಬೆನ್ನೇರಿ ಅವನ ಬಲಗಿವಿ ಕಚ್ಚಿದಳು. ಹಲ್ಲಿಗೆ ಹಲ್ಲು ಕೂಡುವವರೆಗೆ ಕಚ್ಚಿದಳು. ಬಾಯಲ್ಲಿ ರಕ್ತ ತುಂಬಿತು. ಅವನು ಕದಲಲಿಲ್ಲ. ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡೇ ಕೊಕ್ಕೆ ಹಿಡಿದು ನಿಂತಿದ್ದ.

ಗಾಳಿಕೊಳವೆಯ ಮುಖವಾಡಗಳು ಆಚೆ ಕಟ್ಟಡದ ಕಪಾಟಿನಲ್ಲಿದ್ದವು. ಬೀಗದ ಕೈ ಮುಖ್ಯಸ್ಥನ ಜೇಬಿನಲ್ಲಿತ್ತು. ಅವು ಬರಲು ಹನ್ನೊಂದು ನಿಮಿಷ ಹಿಡಿಯಿತು. ದಲ್ಸುವನ್ನು ಮೇಲೆಳೆದಾಗ ಅವನ ಕೈ ಕಾಲು, ಮುಖ ಎಲ್ಲ ತೊಳೆದ ಚಕ್ರದಂತೆ ಸ್ವಚ್ಛವಾಗಿದ್ದವು.

ಗಂಡನ ನಲವತ್ತೊಂಬತ್ತನೆಯ ದಿನದ ಕಾರ್ಯ ಮುಗಿದ ಮೇಲೆ ಬೊಕ್‌ಹೀ ಕಾರ್ಖಾನೆಯ ಕಚೇರಿಗೆ ಹೋಗಿ ತನ್ನನ್ನು ತೊಳೆಯುವ ವಿಭಾಗಕ್ಕೆ ಹಾಕಿ ಎಂದು ಕೇಳಿದಳು. ಹುಚ್ಚು ಹಿಡಿದಿದೆ ಎಂದರು. ಅವಳಿಗೆ ಹುಚ್ಚಿರಲಿಲ್ಲ. ದಿನಾ ಬೆಳಗ್ಗೆ ಆ ಮನುಷ್ಯ ತನ್ನ ಮುಖ ನೋಡಬೇಕು, ಒಂದು ದಿನವೂ ಮರೆಯಬಾರದು. ಅದು ಅವಳ ಲೆಕ್ಕಾಚಾರ. ಹದಿನೆಂಟು ವರ್ಷ ಅವನ ಕೈಕೆಳಗೆ ಬುಟ್ಟಿ ಇಳಿಸಿದಳು, ಎತ್ತಿದಳು. ಅವನು ಕೆಲಸದ ಮಾತು ಬಿಟ್ಟು ಇನ್ನೊಂದು ಆಡಲಿಲ್ಲ. ಅವಳೂ ಆಡಲಿಲ್ಲ. ಹರಿದ ಕಿವಿ ಮಾತ್ರ ಇಬ್ಬರ ನಡುವೆ ಓಡಾಡಿಕೊಂಡಿತ್ತು.

ಅವಳು ಸೇರಿದ ವರ್ಷವೇ ಮೇಸ್ತ್ರಿ ಆ ಮುಖ್ಯಸ್ಥನನ್ನು ಹೊಡೆದ. ಮುಖವಾಡಗಳನ್ನು ತೊಟ್ಟಿಯ ಹತ್ತಿರವೇ ನೇತುಹಾಕಬೇಕೆಂದು ಮೂರು ಸಲ ಕೇಳಿದ್ದ. ನಾಲ್ಕನೆಯ ಸಲ ಕೇಳದೆ ಸುತ್ತಿಗೆಯಿಂದ ಕಪಾಟು ಒಡೆದ. ತಡೆಯಲು ಬಂದ ಮುಖ್ಯಸ್ಥನ ಎರಡು ಹಲ್ಲು ಉದುರಿದವು. ಮೂರು ತಿಂಗಳು ಮನೆಯಲ್ಲಿ ಕೂರಿಸಿದರು. ಹೊರಡುವ ಮೊದಲು ತೊಟ್ಟಿಯಿಂದ ನಾಲ್ಕು ಹೆಜ್ಜೆ ದೂರದ ಕಂಬಕ್ಕೆ ಮೊಳೆ ಹೊಡೆದು ಎರಡು ಮುಖವಾಡ ತೂಗುಹಾಕಿ ಹೋದ. ಆಮೇಲೆ ಅವನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಅದನ್ನು ನೋಡಿಯೂ ಬೊಕ್‌ಹೀಗೆ ಅವನ ಮೇಲಿನ ಸಿಟ್ಟು ಆರಿರಲಿಲ್ಲ.

* * *

ಅವಳು ಎರಡನೆಯ ಬೂಟನ್ನೂ ಕಳಚಿ ಒಳಗೆ ಬಂದಳು. ನೆಲದ ಅನ್ನ ಕಾಲುಚೀಲಕ್ಕೆ ಮೆತ್ತಿಕೊಂಡಿತು. ಕ್ವಾಕ್ ಮತ್ತು ಇನ್ನೊಬ್ಬ ಮುದುಕ ಈಗ ಗಿಹೊನನ್ನು ರಟ್ಟೆ ಹಿಡಿದು ಕೂರಿಸಿದ್ದರು. ಉನ್‌ಸಿಲ್ ಉಡುಪಿನ ಪಟ್ಟಿಯಿಂದ ತುಟಿ ಒತ್ತಿಕೊಂಡು ಪಟದ ಮುಂದೆ ಅಡ್ಡ ನಿಂತಿದ್ದಳು.

ಬೊಕ್‌ಹೀ ಪಟ ನೋಡಿದಳು. ಒಡೆದ ಗಾಜಿನ ಹಿಂದೆ ಮನ್ಸಿಕ್ ಕೋಟು ಟೈ ಹಾಕಿ ಕೂತಿದ್ದ. ಪಟ ತೆಗೆದವನು ಬಲಗಿವಿಯನ್ನು ಇಡಿಯಾಗಿ ಸರಿಪಡಿಸಿಬಿಟ್ಟಿದ್ದ. ಅವಳಿಗೆ ಯಾವನೋ ಅಪರಿಚಿತನನ್ನು ನೋಡಿದಂತಾಯಿತು.

"ಕಿವಿ ಯಾಕೆ ಹೀಗೆ ಮಾಡಿಸ್ದೆ?" ಎಂದು ಕೇಳಿದಳು.

"ಪಟ ತೆಗೆದೋರೇ ಮಾಡಿದ್ದು," ಎಂದಳು ಉನ್‌ಸಿಲ್. "ನಾಯಿ ಕಚ್ಚಿದ್ದು ಅಂತ ಅಪ್ಪ ಹೇಳ್ತಿದ್ರು."

"ನಾಯಿ ನಾನೇ."

ಉನ್‌ಸಿಲ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಓ. ನೀವೇನಾ ಬೊಕ್‌ಹೀ ಅಕ್ಕ? ಹಾಗಾದ್ರೆ ನೀವೂ ಹೊಡೆಯೋಕೆ ಬಂದ್ರಾ? ಬನ್ನಿ. ಇನ್ನೊಂದು ಕೈ ಖಾಲಿ ಇದೆ ನಂಗೆ."

"ನೋಡಿದ್ರಾ ಅತ್ತಿಗೆ, ಅಪ್ಪನ ಮಗಳೇ ಇವಳು!" ಗಿಹೊ ಕೊಸರಾಡಿದ. "ಹೇಳಿ ಎಲ್ಲರಿಗೂ. ನೀವೇ ಕಣ್ಣಾರೆ ಕಂಡಿದೀರಿ. ಕೈಗೆ ಸಿಗೋ ಹಾಗೆ ಬಿದ್ದಿದ್ದ ಅಣ್ಣ. ಇವನು ಬಿಡಲಿಲ್ಲ."

"ಮೂರಾಳು ಆಳ ಕಣಯ್ಯ ಅದು, ಕೈಗೆ ಸಿಗ್ತಿತ್ತಂತೆ," ಎಂದ ಕ್ವಾಕ್. ಅವನು ಕೂತಲ್ಲೇ ಕುಂಟ ಕಾಲು ಚಾಚಿಕೊಂಡಿದ್ದ. "ನಂಗೂ ಈ ಮಂಡಿ ಮುರಿದ. ಎರಡು ವರ್ಷ ಶಾಪ ಹಾಕಿದೀನಿ. ಆಮೇಲೆ ಸಾಕಾಯ್ತು."

"ನಿನ್ನ ಅಣ್ಣ ಅಲ್ಲ ಕೆಳಗಿದ್ದಿದ್ದು!"

ಕ್ವಾಕ್ ಮಂಡಿ ನೀವಿಕೊಂಡ.

ಬೊಕ್‌ಹೀ ಗಿಹೊನ ಎದುರು ಕುಕ್ಕರಗಾಲಲ್ಲಿ ಕೂತಳು. "ಗಿಹೊ, ನಾನು ಉಗಿಯೋಕೆ ಬರಲಿಲ್ಲ. ನಿಂಗೆ ಒಂದು ಮಾತು ಹೇಳಿರಲಿಲ್ಲ. ಹೋದ ವರ್ಷ ನಾನೂ ಒಬ್ಬನಿಗೆ ಹೊಡೆದೆ."

* * *

ಮನ್ಸಿಕ್ ನಿವೃತ್ತನಾದ ಮೇಲೆ ಆ ವಿಭಾಗದ ಮೇಸ್ತ್ರಿತನ ಬೊಕ್‌ಹೀಗೇ ಬಂದಿತ್ತು. ಹಳಬರಲ್ಲಿ ಉಳಿದವಳು ಅವಳೊಬ್ಬಳೇ. ಕೈಕೆಳಗಿದ್ದವರಲ್ಲಿ ಅರ್ಧಕ್ಕರ್ಧ ವಿಯೆಟ್ನಾಮಿನವರು. ಅವರಲ್ಲಿ ಲೊಕ್ ಮತ್ತು ಥಿನ್ ಒಂದೇ ಹಳ್ಳಿಯವರು, ಒಂದೇ ಕೋಣೆಯಲ್ಲಿ ಮಲಗುವವರು.

ಕಳೆದ ಅಕ್ಟೋಬರಿನ ಒಂದು ಮಧ್ಯಾಹ್ನ ಥಿನ್ ಸಿಕ್ಕಿಕೊಂಡ ಬುಟ್ಟಿಯನ್ನು ಬಿಡಿಸಲು ಆರುತ್ತಿದ್ದ ತೊಟ್ಟಿಯ ಏಣಿಯಲ್ಲಿ ಎರಡೇ ಮೆಟ್ಟಿಲು ಇಳಿದ. ಇಳಿದವನು ನಕ್ಕ. ಆ ನಗು ಕೇಳಿಯೇ ಬೊಕ್‌ಹೀ ಗಕ್ಕನೆ ತಿರುಗಿದಳು. ತಿರುಗುವಷ್ಟರಲ್ಲಿ ಅವನು ಏಣಿಯ ಮೇಲಿರಲಿಲ್ಲ.

ಲೊಕ್ ಓಡಿ ಬಂದ. ಅವಳು ಕೊಕ್ಕೆ ಎತ್ತಿಕೊಂಡಿದ್ದಳು. ಯಾವಾಗ ಎತ್ತಿಕೊಂಡಳೋ ಅವಳಿಗೇ ಗೊತ್ತಿಲ್ಲ. "ನಿಲ್ಲು!" ಎಂದಳು. ಅವನು ತನ್ನ ಭಾಷೆಯಲ್ಲಿ ಅರಚುತ್ತ ಬಂದೇ ಬಂದ. ಅವಳು ಬೀಸಿದಳು. ಭುಜಕ್ಕೆ ಬಿತ್ತು. ಅವನು ಬಿದ್ದು ಎದ್ದು ಅವಳ ಹೊಟ್ಟೆಗೆ ಗುದ್ದಿದ, ಮುಖ ಪರಚಿದ. ಅವಳು ಕೊಕ್ಕೆಯ ಹಿಡಿಯಿಂದ ಅವನ ದವಡೆಗೆ ಹೊಡೆದಳು. ಎರಡು ಸಲ. ಅವನ ಕಣ್ಣಲ್ಲಿ ಅವಳು ಕಂಡದ್ದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಥ ಕಣ್ಣಿಂದ ಅವಳೇ ಒಬ್ಬನನ್ನು ಹದಿನೆಂಟು ವರ್ಷ ನೋಡಿದ್ದಳು.

ಅಷ್ಟರಲ್ಲಿ ಇಬ್ಬರು ಕಂಬದ ಮುಖವಾಡ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ ಇಳಿದಿದ್ದರು. ಥಿನ್ ಮೂರು ನಿಮಿಷದಲ್ಲಿ ಮೇಲೆ ಬಂದ. ಬದುಕಿದ. ಈಗಲೂ ಮಾತು ತೊದಲುತ್ತದೆ, ಆದರೆ ಊರಿಗೆ ಫೋನು ಮಾಡಿ ಅಮ್ಮನ ಹತ್ತಿರ ಜಗಳವಾಡುತ್ತಾನೆ.

ಮರುದಿನ ಅವಳು ಮನ್ಸಿಕ್ ಮಲಗಿದ್ದ ಆಸ್ಪತ್ರೆಗೆ ಹೋದಳು. ಮೂತ್ರಪಿಂಡ ಎರಡೂ ಕೆಟ್ಟು, ಆ ದೊಡ್ಡ ಮೈ ಹಾಸಿಗೆಯಲ್ಲಿ ಒಣಗಲು ಹಾಕಿದ ಮೀನಿನಂತಾಗಿತ್ತು. ಅವಳ ಮುಖದ ಪರಚು ಗಾಯ ನೋಡಿ ಅವನೇ ಮೊದಲು ಮಾತಾಡಿದ.

"ಯಾರು ಬಿದ್ದಿದ್ದು?"

"ಒಬ್ಬ ಹುಡುಗ. ಬದುಕಿದ."

"ನೀನು ಎಲ್ಲಿಗೆ ಹೊಡೆದೆ?"

"ಭುಜಕ್ಕೆ. ದವಡೆಗೆ."

"ಮುರೀತಾ?"

"ಇಲ್ಲ. ಕೀಲು ತಪ್ಪಿತು ಅಷ್ಟೇ."

"ಮೆತ್ತಗೆ ಹೊಡೆದಿದೀಯ."

ಅವಳು ಕುರ್ಚಿ ಎಳೆದು ಕೂತಳು. ಕೇಳಿದಳು, "ಯಾಕೆ ಒಂದು ದಿನವೂ ಹೇಳಲಿಲ್ಲ ಮೇಸ್ತ್ರಿ?"

"ಏನಂತ? ನಿನ್ನ ಗಂಡನ್ನ ಬಿಟ್ಟು ಉಳಿದವರನ್ನ ಉಳಿಸ್ಕೊಂಡೆ ಅಂತಲಾ?" ಅವನು ಕಿಟಕಿಯ ಕಡೆ ಹೊರಳಿದ. "ಕೈ ನಡುಗ್ತಿದೆಯಾ?"

ಅವಳು ಕೈ ಮುಂದೆ ಚಾಚಿದಳು. ನಡುಗುತ್ತಿತ್ತು.

"ನಿಲ್ಲಲ್ಲ ಅದು," ಎಂದ ಮನ್ಸಿಕ್. ಹೊದಿಕೆಯ ಕೆಳಗಿಂದ ತನ್ನ ಕೈಯನ್ನೂ ತೆಗೆದು ಅವಳಿಗೆ ತೋರಿಸಿದ.

* * *

ಬೊಕ್‌ಹೀ ಹೇಳಿ ಮುಗಿಸುವಷ್ಟರಲ್ಲಿ ಶವಯಾತ್ರೆಯ ಬಸ್ಸಿನ ಚಾಲಕ ಬಾಗಿಲಿಗೆ ಬಂದು ಗಡಿಯಾರ ನೋಡಿಕೊಂಡು ಹೋಗಿದ್ದ. ಉನ್‌ಸಿಲ್ ಒತ್ತಿಕೊಂಡಿದ್ದ ಬಟ್ಟೆ ಕೈಯಲ್ಲೇ ಉಳಿದು, ತುಟಿಯ ರಕ್ತ ಗಲ್ಲಕ್ಕೆ ಇಳಿದಿತ್ತು. ಅಪ್ಪನ ಈ ಕತೆ ಅವಳೂ ಕೇಳಿರಲಿಲ್ಲ.

ಗಿಹೊ ನಿಧಾನಕ್ಕೆ ರಟ್ಟೆ ಬಿಡಿಸಿಕೊಂಡ. ಮುದುಕರು ಬಿಟ್ಟರು. ಮರುಗಳಿಗೆಗೆ ಅವನು ಬೊಕ್‌ಹೀ ಕೆನ್ನೆಗೆ ಹೊಡೆದ. ಅವಳ ತಲೆ ಗೋಡೆಗೆ ಬಡಿಯಿತು. ಉನ್‌ಸಿಲ್ ಮುನ್ನುಗ್ಗಿದಳು, ಬೊಕ್‌ಹೀ ಕೈಯೆತ್ತಿ ಅವಳನ್ನು ತಡೆದಳು.

"ಇಪ್ಪತ್ನಾಲ್ಕು ವರ್ಷ ಅತ್ತಿಗೆ!" ಗಿಹೊ ಧ್ವನಿ ಸೀಳಿತು. "ಇಪ್ಪತ್ನಾಲ್ಕು ವರ್ಷ ನಾವಿಬ್ಬರೂ ಅವನನ್ನ ಬೈಕೊಂಡೇ ಅನ್ನ ತಿಂದ್ವಿ. ಈಗ ನೀವು ಆ ಕಡೆ ಹೋಗ್ಬಿಟ್ರಾ?"

"ನೀನು ಇಳಿದಿದ್ರೆ ನಾನು ಎರಡು ಹೆಣ ಸುಡಬೇಕಿತ್ತು ಕಣೋ."

"ಸುಡಬೇಕಿತ್ತು! ಸುಟ್ಟಿದ್ರೆ ಚೆನ್ನಾಗಿತ್ತು!" ಅವನು ಸೊಟ್ಟಗೈಯಿಂದ ತನ್ನ ಎದೆಗೇ ಗುದ್ದಿಕೊಂಡ. "ಅಣ್ಣನ ಕಣ್ಣು ತೆರೆದಿತ್ತು. ನಿಮಗೆ ಗೊತ್ತಿಲ್ಲ ಅದು. ನೀವು ಬರೋಕೆ ಮುಂಚೆ. ಬಿದ್ದಲ್ಲಿಂದ ನನ್ನೇ ನೋಡ್ತಿದ್ದ. ಬಾಯಿ ಆಡ್ತಿತ್ತು. ಕರೀತಿದ್ನೋ, ಬರಬೇಡ ಅಂತಿದ್ನೋ, ನಂಗೆ ಕೇಳಿಸ್ಲಿಲ್ಲ. ಆಮೇಲೆ ಏನಾಯ್ತು ಗೊತ್ತಾ? ಕೈ ಮುರಿದಾಗ ನಂಗೆ..." ಅವನು ನಿಲ್ಲಿಸಿದ. ಉಸಿರು ಎಳೆದುಕೊಂಡ. "ಮುರೀತಲ್ಲ, ಇನ್ನು ಇಳಿಯೋಕಾಗಲ್ಲ ಅಂತ ಸಮಾಧಾನ ಆಯ್ತು. ಸಮಾಧಾನ ಆಯ್ತು ಅತ್ತಿಗೆ. ಅದಕ್ಕೇ ಎರಡನೇ ಸಲ ನುಗ್ಗಿದೆ. ನಂಗೆ ನಾಚಿಕೆಯಾಗಿ ನುಗ್ಗಿದೆ."

ಗೋಡೆಯ ಮೇಲೆ ಸಾರು ಒಣಗಿ ಗೆರೆಯಾಗಿತ್ತು. ಬೊಕ್‌ಹೀ ಅವನ ತಲೆಯ ಮೇಲೆ ಕೈಯಿಡಲು ಹೋದಳು. ಅವನು ಕೈ ತಳ್ಳಿದ, ಮೊದಲಿನಷ್ಟೇ ಜೋರಾಗಿ. ಆಮೇಲೆ ಮಗುಚಿದ ಮೇಜುಗಳ ನಡುವೆ ಮುಖ ನೆಲಕ್ಕೆ ಹಾಕಿ ಮಲಗಿಬಿಟ್ಟ.

ಪೆಟ್ಟಿಗೆ ಎತ್ತಲು ಆರು ಜನ ಬೇಕಿತ್ತು. ಗಟ್ಟಿಯಾಗಿ ನಿಲ್ಲಬಲ್ಲವರು ನಾಲ್ಕೇ ಮುದುಕರು. ಥಿನ್ ಮತ್ತು ಲೊಕ್ ಹೊರಗೆ ಬಾಗಿಲ ಬಳಿ, ಒಳಗೆ ಬರಬಹುದೋ ಬೇಡವೋ ತಿಳಿಯದೆ ಬೆಳಗಿನಿಂದ ನಿಂತಿದ್ದರು. ಬೊಕ್‌ಹೀ ಅವರಿಗೆ ಬಿಳಿ ಗವಸು ಕೊಟ್ಟಳು. ಲೊಕ್ ಹಾಕಿಕೊಂಡು, "ಅವರು ಭಾರ ಇದ್ದಾರಾ ಮೇಸ್ತ್ರಿ?" ಎಂದು ಕೇಳಿದ.

"ಈಗ ಇಲ್ಲ."

ಉನ್‌ಸಿಲ್ ಗಾಜಿಲ್ಲದ ಪಟ ಎದೆಗವಚಿಕೊಂಡು ಮುಂದೆ ನಡೆದಳು. ಪೆಟ್ಟಿಗೆಯನ್ನು ಬಸ್ಸಿನ ಹೊಟ್ಟೆಯ ಗೂಡಿಗೆ ತಳ್ಳಿ, ತಗಡಿನ ಬಾಗಿಲು ಮುಚ್ಚಿದರು. ಉಳಿದವರು ಮೇಲೆ ಹತ್ತಿ ಕೂತರು. ಬೊಕ್‌ಹೀ ಉನ್‌ಸಿಲ್‌ಳ ಪಕ್ಕದಲ್ಲಿ ಕೂತಳು. ಇಬ್ಬರ ಮುಖವೂ ಊದಿಕೊಳ್ಳುತ್ತಿತ್ತು.

"ಅಪ್ಪ ನಂಗ್ಯಾಕೆ ಹೊಡೀತಿದ್ರು, ಅದಕ್ಕೂ ಏನಾದ್ರೂ ಕಾರಣ ಇತ್ತಾ ಅಕ್ಕ?" ಎಂದಳು ಉನ್‌ಸಿಲ್, ಮುಂದೆ ನೋಡುತ್ತ.

"ಗೊತ್ತಿಲ್ಲ," ಎಂದಳು ಬೊಕ್‌ಹೀ. "ಇದ್ದಿರಲಾರದು."

ಉನ್‌ಸಿಲ್ ತಲೆಯಾಡಿಸಿದಳು. ಸುಳ್ಳು ಹೇಳದಿದ್ದುದಕ್ಕೆ ಅವಳಿಗೆ ಸಮಾಧಾನವಾದಂತೆ ಕಂಡಿತು.

ಬಸ್ಸು ಅಂಗಳದಿಂದ ತಿರುಗಿ ಏರುದಾರಿಗೆ ಬರುವಾಗ ಎಲ್ಲರ ಕಾಲಡಿಯಲ್ಲಿ ದಡ್ ಎಂದಿತು. ಮತ್ತೊಮ್ಮೆ ದಡ್, ದಡ್. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ವಾಕ್ ಕಾಲು ಎತ್ತಿಕೊಂಡುಬಿಟ್ಟ. ಬೊಕ್‌ಹೀ ಕಿಟಕಿಯಿಂದ ಬಗ್ಗಿ ನೋಡಿದಳು. ಗಿಹೊ ಬರಿಯ ಕಾಲುಚೀಲದಲ್ಲಿ ಬಸ್ಸಿನ ಜೊತೆಗೇ ಓಡುತ್ತ, ಕೆಳಗಿನ ಗೂಡಿನ ತಗಡಿಗೆ ಮುಷ್ಟಿಯಿಂದ ಗುದ್ದುತ್ತಿದ್ದ. ಏನೋ ಕೂಗುತ್ತಿದ್ದ. ಎಂಜಿನ್ನಿನ ಸದ್ದಿನಲ್ಲಿ ಅದು ಬೈಗುಳವೋ ಬೇರೆಯೋ ತಿಳಿಯಲಿಲ್ಲ.

"ನಿಲ್ಸಬೇಡಿ, ಬಾಗ್ಲು ತೆಗೀರಿ!" ಎಂದು ಚಾಲಕನಿಗೆ ಕೂಗಿ ಉನ್‌ಸಿಲ್ ಪಟವನ್ನು ಬೊಕ್‌ಹೀ ತೊಡೆಗೆ ಹಾಕಿ ಮೆಟ್ಟಿಲಿಗೆ ಇಳಿದಳು. ಒಂದು ಕೈಯಲ್ಲಿ ಕಂಬಿ ಹಿಡಿದು ಹೊರಗೆ ವಾಲಿ, ಅವನ ಕಾಲರಿಗೆ ಕೈ ಹಾಕಿದಳು. ಮಾರುಕಟ್ಟೆಯಲ್ಲಿ ಜಗಳಕ್ಕೆ ಬಂದವನನ್ನು ಎಳೆಯುವ ಹಾಗೆಯೇ ಎಳೆದಳು. ಅಂಗಿಯ ಗುಂಡಿ ಎರಡು ಹಾರಿದವು. ಬಸ್ಸು ಏರು ಹತ್ತುತ್ತಿತ್ತು. ಅವನ ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ಕಾಲಿನ ಒದ್ದೆ ಚೀಲ ಅರ್ಧ ಕಳಚಿ ರಸ್ತೆಯ ಮೇಲೆ ಎಳೆದುಕೊಂಡು ಬರುತ್ತಿತ್ತು. ಅವಳು ಕಾಲರ್ ಬಿಡಲಿಲ್ಲ.